ಐವರಿಗೂ ಟೆಸ್ಟ್ ಮಾಡಿಸಬೇಕಿತ್ತೇ? ಹಾಸನದ ಓದುಗರಿಗೆ ಸಂಪಾದಕರ ಉತ್ತರ

ಓದುಗರ ಪತ್ರ: ಡಿಸೆಂಬರ್ ಕೊನೆಯಲ್ಲಿ ಒಂದು ಮದುವೆಗೆ ಹೋಗಿ ಬಂದ ಮೇಲೆ ನಮ್ಮ ಮನೆಯ ಐವರಿಗೂ ಒಬ್ಬರ ಹಿಂದೆ ಒಬ್ಬರಿಗೆ ಜ್ವರ, ನೆಗಡಿ, ಕೆಮ್ಮು. ಮೆಡಿಕಲ್ ಸ್ಟೋರ್‌ನಿಂದ ಕೋವಿಡ್ ಕಿಟ್ ತಂದು ನೋಡಿದೆವು, ನೆಗೆಟಿವ್ ಬಂತು. ಎಲ್ಲ ವೈರಸ್‌ಗಳನ್ನೂ ಒಟ್ಟಿಗೆ ಹುಡುಕುವ ಪ್ಯಾನೆಲ್ ಇದೆ, ಒಬ್ಬೊಬ್ಬರಿಗೆ ಇಷ್ಟು ಸಾವಿರ ಎಂದು ಲ್ಯಾಬಿನವರು ಹೇಳಿದರು. ಐವರಿಗೂ ಮಾಡಿಸುವ ಶಕ್ತಿ ಇರಲಿಲ್ಲ, ಸುಮ್ಮನಾದೆವು. ಸಕ್ಕರೆ ಕಾಯಿಲೆ ಇರುವ 72 ವರ್ಷದ ನಮ್ಮ ಅತ್ತೆಗೆ ಐದನೆಯ ದಿನ ಉಸಿರಾಡುವುದು ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದೆವು. ಇನ್‌ಫ್ಲುಯೆನ್ಸಾ ಎಂದು ಗೊತ್ತಾಯಿತು. ಈಗ ಹುಷಾರಾಗಿದ್ದಾರೆ. ಆದರೆ ದುಡ್ಡಿನ ಮುಖ ನೋಡಿ ತಪ್ಪು ಮಾಡಿದೆನೇ ಎಂಬ ಕೊರಗು ಹೋಗಿಲ್ಲ. ಎಂಟು ತಿಂಗಳ ಮಗಳು ಇನ್ನೂ ಕೆಮ್ಮುತ್ತಿದ್ದಾಳೆ. ಮುಂದಿನ ಸಲ ಯಾರಿಗೆ ಯಾವ ಟೆಸ್ಟ್ ಮಾಡಿಸಬೇಕು, ತಿಳಿಸುತ್ತೀರಾ?
– ಒಬ್ಬ ಗೃಹಿಣಿ, ಹಾಸನ

ಅಮ್ಮಾ, ಮೊದಲು ನಿಮ್ಮ ಕೊರಗಿನ ಮಾತು. ಐವರಿಗೂ ಪ್ಯಾನೆಲ್ ಮಾಡಿಸದೆ ಇದ್ದದ್ದು ತಪ್ಪಲ್ಲ. ಮಾಡಿಸಿದ್ದರೂ ನಿಮ್ಮಲ್ಲಿ ನಾಲ್ವರಿಗೆ ಸಿಗುತ್ತಿದ್ದ ಆರೈಕೆ ಅದೇ ಆಗಿರುತ್ತಿತ್ತು: ವಿಶ್ರಾಂತಿ, ಪ್ಯಾರಾಸಿಟಮಾಲ್, ಬಿಸಿ ಗಂಜಿ, ಸಾಕಷ್ಟು ನೀರು. ಆದರೆ ಒಂದನ್ನು ಮುಚ್ಚಿಡದೆ ಹೇಳಬೇಕು. ಅತ್ತೆಯವರನ್ನು ಜ್ವರ ಬಂದ ಮೊದಲ ದಿನವೋ ಎರಡನೆಯ ದಿನವೋ ಡಾಕ್ಟರಿಗೆ ತೋರಿಸಬೇಕಿತ್ತು. ತೋರಿಸಿದ್ದರೆ ಯಾವ ಪ್ಯಾನೆಲ್ಲೂ ಇಲ್ಲದೆ ಅವರಿಗೆ ಬೇಕಾದ ಮಾತ್ರೆ ಶುರುವಾಗಬಹುದಿತ್ತು. ಅದೇಕೆ ಎಂದು ಮುಂದೆ ಹೇಳುತ್ತೇನೆ.

ಫ್ಲೂ (ಅತ್ತೆಗೆ ಬಂದ ಇನ್‌ಫ್ಲುಯೆನ್ಸಾವೇ ಇದು), ಕೋವಿಡ್, ಹಸುಳೆಗಳನ್ನು ಹೆಚ್ಚಾಗಿ ಕಾಡುವ ಆರ್‌ಎಸ್‌ವಿ ಮತ್ತು ಎಚ್‌ಎಂಪಿವಿ ವೈರಸ್‌ಗಳು, ನೆಗಡಿ ತರುವ ರೈನೊವೈರಸ್ ಎಲ್ಲ ಒಂದೇ ಕುಲದವಲ್ಲ. ಆರ್‌ಎಸ್‌ವಿ ಮತ್ತು ಎಚ್‌ಎಂಪಿವಿ ಮಾತ್ರ ದಾಯಾದಿಗಳು. ಆದರೂ ಮನೆಗೆ ಬಂದಾಗ ಎಲ್ಲವೂ ಒಂದೇ ವೇಷದಲ್ಲಿ ಬರುತ್ತವೆ, ಏಕೆಂದರೆ ಆ ವೇಷ ಹಾಕುವುದು ಬಹುಮಟ್ಟಿಗೆ ನಮ್ಮ ಮೈಯೇ. ಮೂಗು, ಗಂಟಲಿನ ಒಳಪದರಕ್ಕೆ ಯಾವ ವೈರಸ್ ನುಗ್ಗಿದರೂ ದೇಹ ಲೋಳೆ ಸುರಿಸುತ್ತದೆ, ಕೆಮ್ಮಿ ಹೊರಗೆ ದಬ್ಬುತ್ತದೆ, ಮೈ ಕಾಯಿಸುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಮೈಕೈ ನೋವಿನಿಂದ ಮಲಗಿಬಿಟ್ಟರೆ ಫ್ಲೂ ಇರಬಹುದು, ಮಗುವಿನ ಎದೆಯಲ್ಲಿ ಸುಯ್‌ಗುಟ್ಟಿದರೆ ಆರ್‌ಎಸ್‌ವಿ ಇರಬಹುದು ಎಂದು ಊಹಿಸಬಹುದೇ ಹೊರತು ಮುಖ ನೋಡಿ ಇಂಥದ್ದೇ ಎಂದು ಹೇಳಲು ಅನುಭವಿ ಡಾಕ್ಟರಿಗೂ ಆಗುವುದಿಲ್ಲ.

ಈಗ ಆ ಕೋವಿಡ್ ಕಿಟ್. ಅದು ಹುಡುಕುವುದು ಕೋವಿಡ್ ವೈರಸ್ಸಿನ ಒಂದು ಪ್ರೋಟೀನನ್ನು ಮಾತ್ರ. ಫ್ಲೂ ಎದುರಿಗೇ ಕುಳಿತಿದ್ದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಇನ್ನು ಕೋವಿಡ್ಡೇ ಇದ್ದರೂ ಮೊದಲ ದಿನ ಮೂಗಿನಲ್ಲಿ ವೈರಸ್ ಕಡಿಮೆಯಿದ್ದರೆ ತಪ್ಪಿಹೋಗಬಹುದು. ಇದು ನನ್ನ ಮನೆಯಲ್ಲೇ ಆದದ್ದು. ನನಗೆ ಗಂಟಲು ಕೆರೆತ ಶುರುವಾದ ಸಂಜೆ ಕಿಟ್ ನೋಡಿದೆ. ‘ಸಿ’ ಎದುರು ಒಂದೇ ಗೆರೆ. ನೆಗೆಟಿವ್ ಎಂದು ನೆಮ್ಮದಿಯಾಗಿ, ಎಂಬತ್ತು ದಾಟಿದ ಅಮ್ಮನ ಪಕ್ಕದಲ್ಲೇ ಕೂತು ಊಟ ಮಾಡಿದೆ. ಎರಡು ದಿನ ಬಿಟ್ಟು ಇನ್ನೊಂದು ಕಿಟ್ ತೆಗೆದಾಗ ‘ಟಿ’ ಎದುರು ಇನ್ನೊಂದು ಗೆರೆ ಮೂಡಿತು, ಪೆನ್ಸಿಲ್ಲಿನಿಂದ ಮೆಲ್ಲಗೆ ಎಳೆದಷ್ಟು ತೆಳು. ತೆಳುವಾಗಿದ್ದರೂ ಅದು ಪಾಸಿಟಿವ್ವೇ. ಅಮ್ಮನಿಗೆ ಏನೂ ಆಗಲಿಲ್ಲ, ಆದರೆ ಆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. 2021ರ ಮೇನಲ್ಲಿ ಮನೆಯಲ್ಲಿ ಮಾಡಿಕೊಳ್ಳುವ ಕಿಟ್ಟಿಗೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಒಪ್ಪಿಗೆ ಕೊಟ್ಟಾಗಲೇ, ಲಕ್ಷಣ ಇದ್ದು ನೆಗೆಟಿವ್ ಬಂದರೆ ಲ್ಯಾಬಿನಲ್ಲಿ ಆರ್‌ಟಿ-ಪಿಸಿಆರ್ ಟೆಸ್ಟ್ ಮಾಡಿಸಿ ಎಂದು ಹೇಳಿತ್ತು. ನಾನೇ ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದೆ.

ಕಿಟ್ ಬಳಸುವಾಗ ಇನ್ನೆರಡು ವಿಷಯ ನೆನಪಿಡಿ. ಕಡ್ಡಿಯನ್ನು ಎರಡೂ ಹೊಳ್ಳೆಗಳಲ್ಲಿ ಒಳಗೋಡೆಗೆ ತಾಗಿಸಿ ತಿರುಗಿಸಬೇಕು. ಮೂಗಿನ ಬಾಯಲ್ಲಿ ಸವರಿದರೆ ಸಾಲದು. ಗೆರೆಯನ್ನು ಚೀಟಿಯಲ್ಲಿ ಹೇಳಿದ ಹೊತ್ತಿಗೇ ನೋಡಬೇಕು, ಸಾಮಾನ್ಯವಾಗಿ 15 ನಿಮಿಷಕ್ಕೆ. ಗಂಟೆ ಕಳೆದು ಕಸದ ಬುಟ್ಟಿಯಿಂದ ತೆಗೆದು ನೋಡಿದ ಗೆರೆಗೆ ಬೆಲೆಯಿಲ್ಲ. ಫ್ಲೂಗೂ ಇಂಥದೇ ರಾಪಿಡ್ ಟೆಸ್ಟ್ ಇದೆ. ಅದರಲ್ಲಿ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ಫ್ಲೂ ಇಲ್ಲ ಎಂದು ಎದ್ದುಬಿಡುವಂತಿಲ್ಲ.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಮಾತ್ರೆ ಇದೆ. ದಿನಕ್ಕೆರಡು ಸಲ, ಐದು ದಿನ. ರೋಗ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಅದರ ಗುಣ ಹೆಚ್ಚು. ಆಸ್ಪತ್ರೆ ಸೇರುವಷ್ಟು ಜೋರಾದವರಿಗೆ ತಡವಾದರೂ ಕೊಡುತ್ತಾರೆ, ನಿಮ್ಮ ಅತ್ತೆಗೂ ಕೊಟ್ಟಿರುತ್ತಾರೆ. 2009ರ ಹಂದಿಜ್ವರದ ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಫ್ಲೂ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಇರುವವರು ಎ. ಅವರಿಗೆ ಟೆಸ್ಟೂ ಬೇಡ, ಒಸೆಲ್ಟಾಮಿವಿರ್ ಕೂಡ ಬೇಡ. ಮನೆಯಲ್ಲಿರಲಿ, ಒಂದೆರಡು ದಿನದಲ್ಲಿ ಮತ್ತೆ ನೋಡಿ ಎಂದಿತು. ಜ್ವರ ಜೋರಾಗಿರುವವರು, ಹಾಗೆಯೇ ಜ್ವರ ಸಣ್ಣದಿದ್ದರೂ ಗರ್ಭಿಣಿಯರು, 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ತೊಂದರೆ ಇರುವವರು ಬಿ. ಇವರಿಗೂ ಟೆಸ್ಟ್ ಕಡ್ಡಾಯವಲ್ಲ, ಆದರೆ ಅಪಾಯ ಹೆಚ್ಚಿರುವವರಿಗೆ ಫಲಿತಾಂಶಕ್ಕೆ ಕಾಯದೆ ಡಾಕ್ಟರು ಮಾತ್ರೆ ಶುರುಮಾಡಬೇಕು. ಉಸಿರು ಕಟ್ಟುವುದು, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು ಕಂಡರೆ ಸಿ. ಆಗ ತಡಮಾಡದೆ ಆಸ್ಪತ್ರೆ, ಟೆಸ್ಟ್, ಚಿಕಿತ್ಸೆ ಎಲ್ಲ ಒಟ್ಟಿಗೆ.

72 ವರ್ಷ, ಮೇಲೆ ಸಕ್ಕರೆ ಕಾಯಿಲೆ. ನಿಮ್ಮ ಅತ್ತೆ ಮೊದಲ ದಿನದಿಂದಲೇ ಬಿ. ಐದು ಟೆಸ್ಟಿನ ದುಡ್ಡು ಹೊಂದಿಸಲಾಗದ್ದರಿಂದ ಆದ ತೊಂದರೆ ಇದಲ್ಲ. ಐವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಿರಿ, ಅಷ್ಟೇ. ಇದನ್ನು ನಿಮಗೆ ಯಾರೂ ಹೇಳಿರಲಿಲ್ಲ. ನಿಮ್ಮ ಜಿಲ್ಲೆಯಲ್ಲೇ 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಬಗೆಯ ಫ್ಲೂನಿಂದ ಹಿರಿಯರೊಬ್ಬರು ತೀರಿಕೊಂಡದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಎಷ್ಟು ಸತ್ತರು ಎಂದು ನಾವು ಪತ್ರಿಕೆಯವರು ಬರೆದಷ್ಟು, ಅಜ್ಜ ಅಜ್ಜಿಯರನ್ನು ಎರಡು ದಿನದೊಳಗೆ ತೋರಿಸಿ ಎಂದು ಬರೆಯಲಿಲ್ಲ. ಅತ್ತೆಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವ ಬಗ್ಗೆಯೂ ಅವರ ಡಾಕ್ಟರನ್ನು ಕೇಳಿ. ನಮ್ಮಲ್ಲಿ ಫ್ಲೂ ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಏರುತ್ತದೆ.

ಆ ದುಬಾರಿ ಪ್ಯಾನೆಲ್ ಮೋಸವೇ ಎಂದರೆ ಅಲ್ಲ. ಐಸಿಯುನಲ್ಲಿರುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಏದುಸಿರು ಬಿಡುತ್ತಾ ವಾರ್ಡಿಗೆ ಬಂದ ಮಗುವಿಗೆ ಅದು ಬೇಕಾಗಬಹುದು. ಯಾವ ಮಗುವನ್ನು ಯಾವ ಮಗುವಿನ ಪಕ್ಕದಲ್ಲಿ ಮಲಗಿಸಬಾರದು ಎಂಬುದೂ ಅದರಿಂದ ತಿಳಿಯುತ್ತದೆ. ಆದರೆ ಆ ಪ್ಯಾನೆಲ್ ಬಳಸುವ ಪಿಸಿಆರ್, ವೈರಸ್ಸಿನ ಚೂರನ್ನು ನಕಲು ಮಾಡಿ ಮಾಡಿ ಹೆಚ್ಚಿಸಿ ಹುಡುಕುವ ವಿಧಾನ. ರೋಗ ವಾಸಿಯಾಗಿ ವಾರಗಳಾದರೂ ಉಳಿದ ಚೂರು ಸಿಕ್ಕಿಬಿಡಬಹುದು. ಚಿಕ್ಕ ಮಕ್ಕಳಲ್ಲಿ ಒಮ್ಮೊಮ್ಮೆ ಎರಡು ಮೂರು ವೈರಸ್ ಒಟ್ಟಿಗೇ ಕಾಣುತ್ತವೆ. ಆಗ ತೊಂದರೆ ಕೊಟ್ಟದ್ದು ಯಾವುದು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಳೆಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗಿನ ಗಾಬರಿ ನಿಮಗೂ ನೆನಪಿರಬೇಕು. ನೆದರ್ಲೆಂಡ್ಸ್‌ನಲ್ಲಿ ಅದನ್ನು ಗುರುತಿಸಿದ್ದು 2001ರಲ್ಲಿ. ನಮ್ಮ ದೇಶದಲ್ಲಿ ಮೊದಲಿನಿಂದಲೂ ಓಡಾಡಿಕೊಂಡಿರುವ ವೈರಸ್ಸೇ ಅದು, ಆ ಮಕ್ಕಳು ವಿದೇಶಕ್ಕೆ ಹೋಗಿ ಬಂದವರೂ ಅಲ್ಲ. ಅದಕ್ಕೆಂದೇ ಔಷಧವಿಲ್ಲ, ಹೆಸರು ತಿಳಿದರೂ ಮನೆಯ ಆರೈಕೆ ಬದಲಾಗದು.

ಪ್ಯಾನೆಲ್ಲಿಗಿಂತ ಹೆಚ್ಚು ಎಚ್ಚರ ಬೇಕಾದ ಕಡೆಗಳು ಬೇರೆ ಇವೆ. ದೊಡ್ಡವರಲ್ಲಿ ಯಾರಿಗಾದರೂ ಕೆಮ್ಮು ಎರಡು ವಾರ ದಾಟಿದರೆ ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಫ್ಲೂ ನಂತರದ ಕೆಮ್ಮು ಮೂರು ವಾರ ಎಳೆಯುವುದೂ ಉಂಟು, ಆದರೂ ಪರೀಕ್ಷೆಯಿಂದ ನಷ್ಟವಿಲ್ಲ. ಮಲೆನಾಡಿನ ಕಾಡಂಚಿನ ನೆಂಟರಿಗೆ ಚಳಿಗಾಲ, ಬೇಸಿಗೆಯಲ್ಲಿ ವಿಪರೀತ ಮೈಕೈ ನೋವಿನ ಜ್ವರ ಬಂದರೆ ಮಂಗನ ಕಾಯಿಲೆಯ ರಕ್ತಪರೀಕ್ಷೆಯ ಬಗ್ಗೆ ಕೇಳಲು ಹೇಳಿ. ಮೆಡಿಕಲ್ ಸ್ಟೋರಿನಲ್ಲಿ ‘ಮೂರು ದಿನದ ಕೋರ್ಸ್’ ಎಂದು ಕೊಡುವ ಅಜಿತ್ರೊಮೈಸಿನ್ ದಯವಿಟ್ಟು ತರಬೇಡಿ, ಅದು ವೈರಸ್ಸಿನ ಮೇಲೆ ಕೆಲಸ ಮಾಡುವುದಿಲ್ಲ.

ಕೊನೆಗೆ ಮಗಳು. ಆರ್‌ಎಸ್‌ವಿಯೋ ಇನ್ನೊಂದೋ ಎಂಬ ಟೆಸ್ಟಿಗಿಂತ ಇವತ್ತು ರಾತ್ರಿ ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅವಳು ಅಳದೆ ಮಲಗಿರುವಾಗ ಅಂಗಿ ಎತ್ತಿ, ದೀಪ ಹಾಕಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಗಡಿಯಾರವನ್ನು ಮನೆಯವರು ಹಿಡಿದಿರಲಿ, ನಿಮ್ಮ ಕಣ್ಣು ಹೊಟ್ಟೆಯ ಮೇಲಿರಲಿ. ಅವಳ ವಯಸ್ಸಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು ಬಂದರೆ ಉಸಿರಾಟ ವೇಗವಾಗಿದೆ ಎಂದರ್ಥ. ಒಂದು ವರ್ಷ ತುಂಬಿದ ಮೇಲೆ ಈ ಮಿತಿ 40. ಉಸಿರು ಎಳೆದುಕೊಂಡಾಗ ಪಕ್ಕೆಯ ಕೆಳಭಾಗ ಗುಳಿ ಬೀಳುತ್ತಿದೆಯೇ ನೋಡಿ. ಹಾಲು ಕುಡಿಯುತ್ತಾ ನಡುನಡುವೆ ಬಿಟ್ಟು ಏದುಸಿರು ಬಿಡುತ್ತಾಳೆಯೇ, ಒದ್ದೆ ಮಾಡುವುದು ಕಡಿಮೆಯಾಗಿದೆಯೇ ಗಮನಿಸಿ. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಹೊರಡಿ. ಯಾವುದೂ ಇಲ್ಲದಿದ್ದರೂ ಇಷ್ಟು ದಿನದ ಕೆಮ್ಮಾದ್ದರಿಂದ ಈ ವಾರದೊಳಗೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಎಣಿಸಿದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರಿಗೆ ಅದು ಉಪಯೋಗಕ್ಕೆ ಬರುತ್ತದೆ.

– ಸಂಪಾದಕ