ಟಿ.ಸಿ. ಅರ್ಜಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಮೈಸೂರಿನ ಒಂದು ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿ ಎರಡನೇ ತರಗತಿ. ನಾಲ್ಕು ವರ್ಷದವನಿದ್ದಾಗ ಇಲ್ಲಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಪರೀಕ್ಷಿಸಿ ಆಟಿಸಂ ಇದೆ ಎಂದಿದ್ದರು. ಸೀಟು ಸಿಗಲಾರದೆಂಬ ಭಯಕ್ಕೆ ಶಾಲೆಗೆ ಸೇರಿಸುವಾಗ ಆ ವರದಿ ತೋರಿಸಲಿಲ್ಲ. ಲೆಕ್ಕದಲ್ಲಿ ಬಲು ಚುರುಕು. ಆದರೆ ಗದ್ದಲವಾದರೆ ಕಿವಿ ಮುಚ್ಚಿಕೊಂಡು ತರಗತಿಯಿಂದ ಹೊರಗೋಡುತ್ತಾನೆ. ಕಳೆದ ತಿಂಗಳು ಪಕ್ಕದ ಹುಡುಗನ ಕೈ ಕಚ್ಚಿದ. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಲಾಟೆಯಾಯಿತು. ಈಗ ಪ್ರಿನ್ಸಿಪಾಲರು, ‘ತರಗತಿಯಲ್ಲಿ ಅವನ ಪಕ್ಕದಲ್ಲೇ ಕೂತು ನೋಡಿಕೊಳ್ಳಲು ನಿಮ್ಮ ಖರ್ಚಿನಲ್ಲಿ ಶ್ಯಾಡೋ ಟೀಚರ್ ಇಡಿ, ಇಲ್ಲವಾದರೆ ನೀವೇ ಟಿ.ಸಿ. ಕೇಳಿ ಅರ್ಜಿ ಬರೆದುಕೊಡಿ’ ಎನ್ನುತ್ತಿದ್ದಾರೆ. ತಿಂಗಳಿಗೆ ಹದಿನೈದು ಸಾವಿರ ನಮ್ಮಿಂದಾಗದು. ನಮ್ಮ ಯಜಮಾನರು ಸಹಿ ಹಾಕಿ ಬೇರೆ ಶಾಲೆಗೆ ಸೇರಿಸೋಣ, ಅಲ್ಲಿಯೂ ಏನೂ ಹೇಳುವುದು ಬೇಡ ಎನ್ನುತ್ತಾರೆ. ಜಗಳಕ್ಕೆ ನಿಂತರೆ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಂಡಾರೆಂಬ ಹೆದರಿಕೆ ನನಗೆ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಆ ಅರ್ಜಿಗೆ ಸಹಿ ಹಾಕಬೇಡಿ. ಶಾಲೆ ಬಿಡಿಸಲೇಬೇಕೆಂದು ಮುಂದೆ ನೀವೇ ತೀರ್ಮಾನಿಸಬಹುದು, ಆದರೆ ಈಗ ಬೇಡ.

ಟಿ.ಸಿ.ಯನ್ನು ‘ನೀವೇ ಕೇಳಿ’ ಎಂದು ಅವರು ಯಾಕೆ ಒತ್ತಾಯಿಸುತ್ತಿದ್ದಾರೆಂದು ಯೋಚಿಸಿದ್ದೀರಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಆದರೆ ತಂದೆ ತಾಯಿ ತಾವಾಗಿ ಬರೆದುಕೊಟ್ಟರೆ ಅದು ಹೊರಹಾಕಿದ್ದಾಗುವುದಿಲ್ಲ, ನೀವು ಹೊರಟುಹೋದದ್ದಾಗುತ್ತದೆ. ಆಮೇಲೆ ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಎದುರಿಗಿರುವವರು ನಿಮ್ಮದೇ ಕೈಬರಹವನ್ನು ನಿಮಗೆ ತೋರಿಸುತ್ತಾರೆ. ಅಲ್ಪಸಂಖ್ಯಾತರು ನಡೆಸುವ ಶಾಲೆಯಾಗಿದ್ದರೆ ಆ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದರೂ ಕಂಗೆಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳನ್ನೂ ಒಳಗೊಳ್ಳುತ್ತದೆ. ಅದು ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸಹ ಇದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು, ಕಲಿಕೆ ಎಲ್ಲಿಗೆ ಬಂತೆಂದು ಗಮನಿಸುತ್ತಿರಬೇಕು ಎನ್ನುತ್ತದೆ ಅದರ 16ನೇ ಸೆಕ್ಷನ್. ನೀವು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ಕೇಳಬೇಕಾದದ್ದು ಇದನ್ನೇ. ದಯೆ ಬೇಡುವಂತೆ ಕೂರಬೇಡಿ.

ಇನ್ನು ವರದಿ ಮುಚ್ಚಿಟ್ಟ ವಿಷಯ. ಅದು ಅಪರಾಧವಲ್ಲ. ಸೀಟು ಕೊಡುವ ಮೊದಲು ಮಕ್ಕಳನ್ನು ಜರಡಿ ಹಿಡಿಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ, ಆದರೂ ಶಾಲೆಗಳು ಹಿಡಿಯುತ್ತವೆ. ನಿಮ್ಮ ಭಯಕ್ಕೆ ಕಾರಣವಿತ್ತು. ಆದರೆ ಅದರ ಬೆಲೆಯನ್ನು ತೆತ್ತವನು ನಿಮ್ಮ ಮಗ. ನಲವತ್ತು ಮಕ್ಕಳ ನಡುವೆ ಒಬ್ಬ ಹುಡುಗ ಯಾಕೆ ಓಡುತ್ತಾನೆಂದು ತಿಳಿಯದ ಮಿಸ್‌ಗೆ ಅವನು ಮೊಂಡನಾಗಿಯೇ ಕಂಡಿರುತ್ತಾನೆ. ಹಾಗಾಗಿ ಮೊದಲು ವರದಿಯ ಪ್ರತಿಯನ್ನು ಶಾಲೆಗೆ ಕೊಡಿ, ತಲುಪಿದ್ದಕ್ಕೆ ಸಹಿ ಮೊಹರು ಪಡೆಯಿರಿ. ನಾಲ್ಕು ವರ್ಷದ ಹಿಂದಿನ ವರದಿ ಸಾಲದು. ಆಯಿಷ್ ನಿಮ್ಮ ಊರಿನಲ್ಲೇ ಇದೆ, ಮರುಪರೀಕ್ಷೆ ಮಾಡಿಸಿ, ತರಗತಿಯಲ್ಲಿ ಏನೇನು ಬದಲಿಸಿದರೆ ಅವನಿಗೆ ಸಹಾಯವಾಗುತ್ತದೆಂದು ಅವರಿಂದಲೇ ಬರೆಸಿಕೊಳ್ಳಿ.

ಇಲ್ಲಿ ಬಹಳ ಪೋಷಕರು ಎಡವುತ್ತಾರೆ. ‘ಸ್ವಲ್ಪ ನೋಡಿಕೊಳ್ಳಿ ಮೇಡಂ’ ಎಂದು ಕೇಳುತ್ತಾರೆ. ಆ ಮಾತಿಗೆ ‘ಆಗಲಿ’ ಎನ್ನುವುದೂ ಸುಲಭ, ಮರೆಯುವುದೂ ಸುಲಭ. ನೀವು ಇಂಥದ್ದು ಬೇಕು ಎಂದು ಹೆಸರಿಟ್ಟು ಕೇಳಿ. ಮಗು ಓಡುವುದು ಯಾವ ಹೊತ್ತಿನಲ್ಲಿ? ಬೆಳಗಿನ ಪ್ರಾರ್ಥನೆಯ ಬ್ಯಾಂಡ್ ಸದ್ದಿಗೋ, ಊಟದ ಬಿಡುವು ಮುಗಿದು ಎಲ್ಲರೂ ಒಟ್ಟಿಗೆ ನುಗ್ಗುವಾಗಲೋ, ಮಿಸ್ ಬಾರದೆ ಬೇರೆ ಯಾರೋ ಬಂದ ದಿನವೋ? ಎರಡು ವಾರ ಇದನ್ನು ಡೈರಿಯಲ್ಲಿ ಗುರುತಿಸಿಕೊಡುವಂತೆ ಮಿಸ್‌ರನ್ನು ಕೇಳಿಕೊಳ್ಳಿ. ಕಚ್ಚಿದ ದಿನ ಅದಕ್ಕೂ ಹತ್ತು ನಿಮಿಷ ಮೊದಲು ಏನು ನಡೆದಿತ್ತು ಎಂಬುದನ್ನೂ ತಿಳಿಯಿರಿ. ಈ ಮಕ್ಕಳು ಕಚ್ಚುವುದು ಎಷ್ಟೋ ಬಾರಿ ಹೇಳಲಾಗದೆ ಹೋದ ಮಾತಿಗೆ ಬದಲಾಗಿ. ಗೊತ್ತಾದ ಮೇಲೆ ಬೇಕಾಗುವುದು ಬಹುತೇಕ ಪುಡಿಗಾಸಿನ ಕೆಲಸ: ಬ್ಯಾಂಡ್ ಬಾರಿಸುವ ದಿನ ಪ್ರಾರ್ಥನೆಗೆ ಐದು ನಿಮಿಷ ತಡವಾಗಿ ಬರಲು ಅನುಮತಿ, ಸದ್ದು ತಗ್ಗಿಸುವ ಕಿವಿಮುಚ್ಚಿಗೆ, ಮುಂದಿನ ಸಾಲಿನಲ್ಲಿ ಗೋಡೆ ಬದಿಯ ಜಾಗ, ಮೇಜಿನ ಮೇಲೆ ಆ ದಿನದ ಪಿರಿಯಡ್‌ಗಳ ಚಿತ್ರಪಟ್ಟಿ, ಸಂಕಟವಾದಾಗ ತೋರಿಸಲು ಒಂದು ಬಣ್ಣದ ಕಾರ್ಡು, ಅದನ್ನು ತೋರಿಸಿದರೆ ಹೋಗಿ ಕೂರಲು ಗ್ರಂಥಾಲಯದ ಒಂದು ಮೂಲೆ. ಇವನ್ನೆಲ್ಲ ಬರೆದಿಟ್ಟರೆ ಅದೇ ವೈಯಕ್ತಿಕ ಶಿಕ್ಷಣ ಯೋಜನೆ. ಶಾಲೆಯವರು ಅದಕ್ಕೆ ಐಇಪಿ ಎನ್ನುತ್ತಾರೆ. ಅದರಲ್ಲಿ ಯಾರು ಏನು ಮಾಡಬೇಕು, ಮತ್ತೆ ಯಾವಾಗ ಕೂತು ನೋಡಬೇಕು ಎಂಬುದು ಇರಲಿ.

ಶ್ಯಾಡೋ ಟೀಚರ್ ವಿಷಯದಲ್ಲಿ ನಿಮಗೆ ಸಿಹಿಸುದ್ದಿಯನ್ನಷ್ಟೇ ಹೇಳಲಾರೆ. ಪೋಷಕರೇ ಹಣ ಕೊಡಬೇಕೆಂದು ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬರನ್ನು ಶಾಲೆಯೇ ಇಡಬೇಕೆಂದೂ ಇಲ್ಲ. ಅನುಕೂಲ ಮಾಡಿಕೊಡುವುದು ಸಂಸ್ಥೆಗೆ ವಿಪರೀತ ಹೊರೆಯಾಗಬಾರದೆಂಬ ಮಾತೂ ಅದರಲ್ಲಿದೆ, ಶಾಲೆಯ ವಕೀಲರು ಅಲ್ಲಿಯೇ ಜೋತುಬೀಳುತ್ತಾರೆ. ಆದರೆ ಸಿಬಿಎಸ್‌ಇ ನಿಯಮಗಳಂತೆ ಶಾಲೆಯಲ್ಲಿ ವಿಶೇಷ ಶಿಕ್ಷಕರು ಇರಲೇಬೇಕು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು ಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಹೀಗಿರಲಿ: ‘ನಿಮ್ಮ ಶಾಲೆಯ ವಿಶೇಷ ಶಿಕ್ಷಕರು ಯಾರು, ಅವರು ನನ್ನ ಮಗನನ್ನು ವಾರಕ್ಕೆ ಎಷ್ಟು ಹೊತ್ತು ನೋಡುತ್ತಾರೆ?’ ಉತ್ತರ ತಡವರಿಸಿದರೆ ಹದಿನೈದು ಸಾವಿರದ ಮಾತು ತಾನಾಗಿ ತಣ್ಣಗಾಗುತ್ತದೆ. ಇನ್ನೊಂದು ಮಾತು. ತರಬೇತಿಯಿಲ್ಲದ ಶ್ಯಾಡೋ ಟೀಚರ್ ಪಕ್ಕದಲ್ಲಿ ಕೂತ ದಿನದಿಂದ ಎಷ್ಟೋ ತರಗತಿಗಳಲ್ಲಿ ಮಿಸ್ ಆ ಮಗುವಿನೊಂದಿಗೆ ಮಾತಾಡುವುದನ್ನೇ ಬಿಡುತ್ತಾರೆ. ನಿಜಕ್ಕೂ ಬೇಕೆಂದು ಆಯಿಷ್‌ನವರು ಹೇಳಿದರೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು ಎಂದು ಕೇಳಿ. ಬರುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ ಎಂದು ನೋಡಿ.

ಜಗಳದ ಹೆದರಿಕೆ ನನಗೆ ಅರ್ಥವಾಗುತ್ತದೆ. ಅದಕ್ಕೇ ದನಿ ಏರಿಸಬೇಡಿ, ಬರೆಯಿರಿ. ಪ್ರತಿ ಭೇಟಿಯ ಸಂಜೆ ಒಂದು ಇ-ಮೇಲ್ ಸಾಕು: ‘ಇಂದು ತಾವು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಟಿ.ಸಿ.ಗೆ ಅರ್ಜಿ ಕೊಡುವಂತೆ ತಾವು ತಿಳಿಸಿದಿರಿ. ಮಗನನ್ನು ಇದೇ ಶಾಲೆಯಲ್ಲಿ ಮುಂದುವರಿಸುವುದು ನಮ್ಮ ಇಚ್ಛೆ. ನಾವು ಕೇಳಿದ ಅನುಕೂಲಗಳ ಬಗ್ಗೆ ತಮ್ಮ ನಿರ್ಧಾರವನ್ನು ಲಿಖಿತವಾಗಿ ತಿಳಿಸಿ.’ ಇಷ್ಟೇ. ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಹೇಳಲು ಶಾಲೆಗಳು ಹಿಂಜರಿಯುತ್ತವೆ, ಹಲವು ತಗಾದೆಗಳು ಅಲ್ಲಿಗೇ ಇಳಿಯುತ್ತವೆ. ಇಳಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ನಂತರ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಿ. ವಿಚಾರಣೆಗೆ ಕರೆಸಲು ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ. ಮಗುವಿಗೆ ಹೊಡೆದರೆ, ಹೀಯಾಳಿಸಿದರೆ, ಹೊರಗೆ ನಿಲ್ಲಿಸಿದರೆ ಮಾತ್ರ ಈ ಮೆಟ್ಟಿಲುಗಳನ್ನು ಕಾಯಬೇಡಿ. ನೇರವಾಗಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ, ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕಚ್ಚಿಸಿಕೊಂಡ ಹುಡುಗನ ಮನೆಗೆ ಹೋಗಿ ಬಂದಿರಾ? ಪತ್ರದಲ್ಲಿ ಆ ಮಾತೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವಾದಿಸುವುದನ್ನು ಬಿಟ್ಟು ಒಮ್ಮೆ ಹೋಗಿ. ಅವರ ಮಗುವಿಗೂ ನೋವಾಗಿದೆ.

ಯಜಮಾನರಿಗೆ ಹಠವಿದೆಯೆಂದು ನನಗನಿಸುವುದಿಲ್ಲ, ನಾಚಿಕೆಯಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಯುಡಿಐಡಿ ಕಾರ್ಡ್ ಎಂದರೆ ಮಗನ ಹಣೆಗೆ ಚೀಟಿ ಅಂಟಿಸಿದಂತೆ ಎಂದು ಅವರು ತಿಳಿದಿರಬಹುದು. ಅವರೊಂದಿಗೆ ಲೆಕ್ಕದ ಮಾತಾಡಿ. ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆಯಿಲ್ಲವೆಂಬ ಪ್ರಮಾಣಪತ್ರವಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷದ ಆದಾಯದಲ್ಲಿ 75,000 ರೂಪಾಯಿಗೆ ವಿನಾಯಿತಿಯಿದೆ. ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ ಥೆರಪಿ ಸೇರಿ 1 ಲಕ್ಷದವರೆಗೆ ಖರ್ಚು ಸಿಗುತ್ತದೆ. ಮುಂದೆ ಹತ್ತನೇ ತರಗತಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೂ ಪ್ರಮಾಣಪತ್ರ ಬೇಕು. ಮುಚ್ಚಿಟ್ಟರೆ ಇದಾವುದೂ ಸಿಗದು.

ಇಷ್ಟೆಲ್ಲ ಮಾಡಿದ ಮೇಲೂ ಈ ಶಾಲೆಯಲ್ಲಿ ಮಗು ದಿನವೂ ಮುದುಡುತ್ತಿದ್ದರೆ ಬಿಡಿಸಿ, ಅದು ಸೋಲೆಂದು ತಿಳಿಯಬೇಡಿ. ಗೆದ್ದ ಮೊಕದ್ದಮೆಯ ತೀರ್ಪು ಹಿಡಿದು ಎಂಟು ವರ್ಷದವನು ಆಡಲು ಹೋಗಲಾರ. ಸರ್ಕಾರಿ ಶಾಲೆ ಎಂದರೆ ಮೂಗು ಮುರಿಯಬೇಡಿ. ಪ್ರತಿ ಬ್ಲಾಕಿಗೆ ವಿಶೇಷ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿದ್ದಾರೆ. ಒಬ್ಬೊಬ್ಬರ ಪಾಲಿಗೆ ಹಲವು ಶಾಲೆಗಳಿರುತ್ತವೆ ನಿಜ, ಆದರೂ ಬಿಇಒ ಕಚೇರಿಯಲ್ಲಿ ಅವರನ್ನು ಕಂಡು, ನಿಮ್ಮ ಹತ್ತಿರದ ಯಾವ ಶಾಲೆಯಲ್ಲಿ ಇಂಥ ಮಕ್ಕಳು ಈಗಾಗಲೇ ಕಲಿಯುತ್ತಿದ್ದಾರೆಂದು ವಿಚಾರಿಸಿ. ಎಲ್ಲಿಗೇ ಹೋದರೂ ವರದಿಯನ್ನು ಮೊದಲ ದಿನವೇ ಕೊಡಿ. ಬೇರೆ ಕಡೆ ಸೀಟು ಖಚಿತವಾದ ಮೇಲಷ್ಟೇ ಟಿ.ಸಿ.ಗೆ ಅರ್ಜಿ ಕೊಡಿ, ಬಿಡಿಸುವ ನಿಜವಾದ ಕಾರಣವನ್ನು ಅದರಲ್ಲಿ ಬರೆಯಿರಿ.