502 ಪಂದ್ಯ ಆಡಿದವರ ಬೆನ್ನು

ಪ್ರಶ್ನೆ: ಕೆನಡಾದ ವಿನ್ನಿಪೆಗ್‌ನಲ್ಲಿರುವ ನನ್ನ ಮಗ ನನಗೂ ಐಸ್ ಹಾಕಿಯ ಹುಚ್ಚು ಹಿಡಿಸಿದ್ದಾನೆ. ಸೀಸನ್ನಿನ 82 ಪಂದ್ಯಗಳಲ್ಲಿ ಒಬ್ಬ ಗೋಲ್‌ಕೀಪರ್ 55ಕ್ಕಿಂತ ಹೆಚ್ಚು ಆಡಬಾರದು ಅನ್ನುತ್ತಾನೆ. ಗ್ಲೆನ್ ಹಾಲ್ ಒಂದನ್ನೂ ಬಿಡದೆ 502 ಪಂದ್ಯ ಆಡಿದರು, ಮಾರ್ಟಿನ್ ಬ್ರೊಡೂರ್ ಒಂದೇ ಸೀಸನ್ನಿನಲ್ಲಿ 78 ಆಡಿದರು, ಈಗಿನವರಿಗೇನು ಧಾಡಿ ಅಂತ ನಾನು. ಯಾರ ಮಾತು ಸರಿ?
— ಓದುಗರು, ಗೋಣಿಕೊಪ್ಪ

ಉತ್ತರ: ಮಗನ ಕಡೆಗೇ ನನ್ನ ಒಲವು. ಆದರೆ ಅವನ ಲೆಕ್ಕವನ್ನೂ ಕೊಂಚ ತಿದ್ದಬೇಕು.

ಮೊದಲು ಹಾಲ್ ವಿಷಯ. 1955ರಿಂದ 1962ರ ನವೆಂಬರ್‌ವರೆಗೆ, ಡೆಟ್ರಾಯಿಟ್ ತಂಡಕ್ಕೆ, ಆಮೇಲೆ ಶಿಕಾಗೊ ತಂಡಕ್ಕೆ, ಮುಖಕ್ಕೆ ಮುಸುಕಿಲ್ಲದೆ ನಿಂತು ಆಡಿದರು. ಪಂದ್ಯಕ್ಕೆ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೊನೆಗೆ ಬಾಸ್ಟನ್ ವಿರುದ್ಧದ ಪಂದ್ಯದಲ್ಲಿ ಬೆನ್ನುನೋವು ತಡೆಯಲಾರದೆ ಮೊದಲ ಅವಧಿಯಲ್ಲೇ ಹೊರನಡೆದರು. ಆ ದಾಖಲೆಯ ಮುಂದೆ ನಾನು ಕೈಮುಗಿಯುತ್ತೇನೆ, ಆದರೆ ಅದನ್ನು ಅಳತೆಗೋಲು ಮಾಡಲಾರೆ. ಆಗ ಎನ್‌ಎಚ್‌ಎಲ್ ಎಂಬ ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಿ ಇದ್ದದ್ದೇ ಆರು ತಂಡ, ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಅಂದರೆ ಕೆಲಸ ಇದ್ದದ್ದು ಆರೇ ಜನಕ್ಕೆ. ಒಂದು ವಾರ ಮನೆಯಲ್ಲಿ ಕೂತರೆ ಆ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಿದ್ದ.

1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಆಂಡಿ ಬಾತ್‌ಗೇಟ್ ಹೊಡೆದ ಪಕ್ (ಆಟದ ರಬ್ಬರ್ ಬಿಲ್ಲೆ) ಮಾಂಟ್ರಿಯಲ್‌ನ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದ ಪ್ಲಾಂಟ್, ಮುಸುಕಿಲ್ಲದೆ ಆಡುವುದಿಲ್ಲ ಎಂದು ಹಟ ಹಿಡಿದರು. ಮುಸುಕು ಕಂಡರಾಗದ ಕೋಚ್ ಟೋ ಬ್ಲೇಕ್ ಒಪ್ಪಲೇಬೇಕಾಯಿತು, ಯಾಕೆಂದರೆ ಬದಲಿ ಆಟಗಾರನೇ ಇರಲಿಲ್ಲ. ಪ್ರತಿ ತಂಡವೂ ಇಬ್ಬರು ಗೋಲ್‌ಕೀಪರ್‌ಗಳನ್ನು ಸಜ್ಜಾಗಿ ಕೂರಿಸಬೇಕು ಎಂಬ ನಿಯಮ ಬಂದದ್ದು 1965-66ರ ಸೀಸನ್ನಿಗೆ. ಹಾಲ್ ಅವರ 502ಕ್ಕೆ ಛಲವೆಷ್ಟು ಕಾರಣವೋ, ಬೇರೆ ದಾರಿ ಇಲ್ಲದಿದ್ದದ್ದೂ ಅಷ್ಟೇ ಕಾರಣ.

ಇನ್ನು ಬ್ರೊಡೂರ್. 2006-07ರಲ್ಲಿ 78 ಪಂದ್ಯ, 48 ಗೆಲುವು. ಆದರೆ ಅವರ ನ್ಯೂಜೆರ್ಸಿ ತಂಡ ಎದುರಾಳಿಯನ್ನು ಗೋಲಿನ ಹತ್ತಿರ ಬಿಡುತ್ತಲೇ ಇರಲಿಲ್ಲ. ಪಂದ್ಯಕ್ಕೆ ಸುಮಾರು 28 ಹೊಡೆತ ಅವರ ಪಾಲಿಗೆ. 2003-04ರಲ್ಲಿ ಫ್ಲಾರಿಡಾದ ರಾಬರ್ಟೊ ಲುವಾಂಗೊ ಆಡಿದ್ದು 72 ಪಂದ್ಯ, ಎದುರಿಸಿದ್ದು 2,475 ಹೊಡೆತ. ಪಂದ್ಯಕ್ಕೆ 34ರ ಮೇಲಾಯಿತು. ಆರು ಪಂದ್ಯ ಕಡಿಮೆ ಆಡಿದವರಿಗೆ ಸುಮಾರು 300 ಹೊಡೆತ ಜಾಸ್ತಿ! ನಿಮ್ಮ ಮಗನಿಗೆ ನಾನು ಹೇಳಬೇಕಾದ್ದು ಇದೇ: ಪಂದ್ಯ ಎಣಿಸಬೇಡಪ್ಪ, ಹೊಡೆತ ಎಣಿಸು, ಒಂದರ ಹಿಂದೊಂದು ರಾತ್ರಿ ಆಡಿದ್ದೆಷ್ಟು ಎಂಬುದನ್ನೂ ಎಣಿಸು.

ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಮೈದಾನದ ಹಾಕಿಯಲ್ಲಿ ಗೋಲು ಕಾದವನು ನಾನು. ಆಮೇಲೆ ಒಂಬತ್ತು ಚಳಿಗಾಲ ವಿನ್ನಿಪೆಗ್‌ನಲ್ಲಿ ಕಳೆದೆ. ಒಂದು ಸಂಜೆ ಗೋಲಿನ ಹಿಂದಿನ ಗಾಜಿಗೆ ಹತ್ತಿರದ ಸೀಟು ಸಿಕ್ಕಿತ್ತು. ವಿನ್ನಿಪೆಗ್ ತಂಡದ ಗೋಲ್‌ಕೀಪರ್ ಕಾನರ್ ಹೆಲೆಬಕ್ ಎಷ್ಟು ಸಲ ಮಂಡಿಯೂರಿ ಏಳುತ್ತಾರೆ ಎಂದು ಎಣಿಸತೊಡಗಿದೆ. 40 ದಾಟಿದ ಮೇಲೆ ಲೆಕ್ಕ ತಪ್ಪಿತು, ಮೊದಲ ಅವಧಿ ಇನ್ನೂ ಮುಗಿದಿರಲಿಲ್ಲ. ಮಂಡಿಗಳನ್ನು ಒಳಕ್ಕೆ ಮಡಚಿ, ಕಾಲುಗಳನ್ನು ಎರಡೂ ಬದಿಗೆ ಚಾಚಿ ಕೂರುವ ‘ಬಟರ್‌ಫ್ಲೈ’ ಭಂಗಿ ಅದು. ಸೊಂಟದ ಕೀಲು ಸಹಜವಾಗಿ ತಿರುಗುವ ದಿಕ್ಕೇ ಅಲ್ಲ. ಆ ಭಂಗಿಯ ಮೊದಲಿಗರಲ್ಲಿ ಹಾಲ್ ಅವರೂ ಒಬ್ಬರು, ಆದರೆ ಪ್ರತಿ ಹೊಡೆತಕ್ಕೂ ಹೀಗೆ ಬಿದ್ದೇಳುವುದು 1980-90ರ ದಶಕಗಳ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ನಂತರದ ಪೀಳಿಗೆಯ ಪಾಡು. ಈಗಿನವರು ಮೆತ್ತಗಾಗಿದ್ದಾರೆ ಎಂಬ ಮಾತನ್ನು ನಾನು ಒಪ್ಪದಿರುವುದು ಆ ಸಂಜೆ ಕಂಡದ್ದರಿಂದ.

1995-96ರಲ್ಲಿ ಸೇಂಟ್ ಲೂಯಿಸ್‌ನ ಗ್ರಾಂಟ್ ಫ್ಯೂರ್ 79 ಪಂದ್ಯ ಆಡಿದರು, ಅದು ಇಂದಿಗೂ ದಾಖಲೆ. ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತುಗಳಾದ ಪ್ಲೇಆಫ್ ಶುರುವಾಗುತ್ತಲೇ ಎದುರಾಳಿಯೊಬ್ಬ ಮೈಮೇಲೆ ಬಿದ್ದು ಮಂಡಿ ಹೋಯಿತು. ದಣಿವಿನ ಗಾಯವಲ್ಲ ಅದು, ನಿಜ. ಆದರೆ ಸೀಸನ್ನಿನಲ್ಲಿ ಆ ತಂಡಕ್ಕೆ ಅಷ್ಟಾಗಿ ಆಡದಿದ್ದವರು ಥಟ್ಟನೆ ಪ್ಲೇಆಫ್‌ಗೆ ಇಳಿಯಬೇಕಾಯಿತಲ್ಲ, ಅದನ್ನು ಆ ತಂಡ ಮೊದಲೇ ಯೋಚಿಸಬೇಕಿತ್ತು.

ಹಂಚಿಕೊಂಡು ಆಡಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 2022-23ರಲ್ಲಿ ಬಾಸ್ಟನ್‌ಗೆ ಲಿನಸ್ ಉಲ್‌ಮಾರ್ಕ್ 49, ಜೆರೆಮಿ ಸ್ವೇಮನ್ 37 ಪಂದ್ಯ ಆಡಿದರು. ತಂಡ 65 ಗೆದ್ದು ದಾಖಲೆ ಬರೆಯಿತು. ಆದರೆ ಪ್ಲೇಆಫ್‌ನ ಮೊದಲ ಸುತ್ತಿನ ಆರು ಪಂದ್ಯಕ್ಕೂ ಉಲ್‌ಮಾರ್ಕ್ ಅವರನ್ನೇ ನಿಲ್ಲಿಸಿ, ಏಳನೆಯದಕ್ಕೆ ಸ್ವೇಮನ್ ಅವರನ್ನು ಇಳಿಸಿ ಫ್ಲಾರಿಡಾಕ್ಕೆ ಸೋತಿತು. ಚಳಿಗಾಲವಿಡೀ ಫಲ ಕೊಟ್ಟ ಪದ್ಧತಿಯನ್ನು ವಸಂತದಲ್ಲಿ ಕೈಬಿಟ್ಟದ್ದು ನನಗೆ ಈಗಲೂ ಸಂಕಟ.

ನನ್ನನ್ನು ಕೇಳಿದರೆ, ಹೊಡೆತ ಕಡಿಮೆ ಬಿಡುವ ತಂಡವಾದರೆ 60, ಹೆಚ್ಚು ಬಿಡುವ ತಂಡವಾದರೆ 50. ಸತತ ಎರಡು ರಾತ್ರಿ ಪಂದ್ಯವಿದ್ದಲ್ಲಿ ಎರಡನೆಯದು ಕಡ್ಡಾಯವಾಗಿ ಇನ್ನೊಬ್ಬರಿಗೆ. ನಿಮ್ಮ ಮಗನ 55 ನಡುವೆ ಬರುತ್ತದೆ. ಹೆಲೆಬಕ್ 2024-25ರಲ್ಲಿ 63 ಆಡಿ 47 ಗೆದ್ದು ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ ಪಡೆದರು, ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಮೂರು ಸಲ ಅರ್ಧಕ್ಕೇ ಅವರನ್ನು ಹೊರಕರೆಯಬೇಕಾಯಿತು. ಮುಂದಿನ ಸಲ ಫೋನಿನಲ್ಲಿ ಆ ಸುತ್ತಿನ ಬಗ್ಗೆ ಮಗನನ್ನೇ ಕೇಳಿ, ಆ ಊರಿನಲ್ಲೇ ಇದ್ದು ನೋಡಿದವನು ಅವನು.