ಆ ಮೈನಸ್ ಯಾರಿಗೆ ಬೇಕು?

‘ಮಲೆನಾಡಿನ ಹುಳಿಹಣ್ಣು ಉಪ್ಪಾಗೆಯ ಲೇಖನ ಚೆನ್ನಾಗಿತ್ತು. ಆದರೆ ಅದರ ಹುಳಿಯನ್ನು ಮೈನಸ್ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಬರೆದು ಹೆದರಿಸಿಬಿಟ್ಟಿರಿ. ಆ ಮೈನಸ್ ಯಾರಿಗೆ ಬೇಕು? ಸಿಟ್ರಿಕ್ ಆಮ್ಲ ಅಂದರೆ ಸಾಲದೇ?’
– ಶಿರಸಿಯ ಓದುಗರು

ಸಂಪಾದಕರ ಉತ್ತರ: ಬರಹ ಓದುವವರ ತಲೆ ತಿನ್ನಬಾರದು, ಒಪ್ಪಿದೆ. ಅದೊಂದು ಬಿಟ್ಟರೆ ಮತ್ತೇನೂ ಒಪ್ಪಲಾರೆ. ಅದೂ ಶಿರಸಿಯವರು, ಉಪ್ಪಾಗೆ ಬೀಜದ ತುಪ್ಪ ಬಲ್ಲವರು, ಹೀಗೆ ಕೇಳುವುದಾ ಮಾರಾಯ್ರೇ?

ಈ ಹುಳಿ ಸಿಟ್ರಿಕ್ ಎಂದೂ ಟಾರ್ಟಾರಿಕ್ ಎಂದೂ ಹಿಂದಿನವರು ಬರೆದಿದ್ದರು. ಇದು ಬೇರೆಯೇ ಆಮ್ಲ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ಲೂಯಿಸ್ ಮತ್ತು ನೀಲಕಂಠನ್. ಧ್ರುವೀಕರಿಸಿದ, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ಅದು ಎಡಕ್ಕೆ ತಿರುಗಿಸುತ್ತದೆ, ಅದಕ್ಕೇ ಮೈನಸ್. ಅವೇ ಪರಮಾಣುಗಳು ಬೇರೆ ಬೇರೆ ದಿಕ್ಕಿಗೆ ಕೂತು ಈ ಆಮ್ಲಕ್ಕೆ ನಾಲ್ಕು ರೂಪ ಬರುತ್ತದೆ. ಉಪ್ಪಾಗೆಯಲ್ಲಿರುವುದು ಒಂದು, ಕೆಂಪು ಪುಂಡಿಯಲ್ಲಿರುವುದು ಇನ್ನೊಂದು. ನಮ್ಮ ದೇಹ ಸಕ್ಕರೆಯನ್ನು ಕೊಬ್ಬು ಮಾಡಲು ಬಳಸುವ ಒಂದು ಕಿಣ್ವವನ್ನು ಜೋರಾಗಿ ತಡೆಯುವುದು ಈ ನಾಲ್ಕರಲ್ಲಿ ಉಪ್ಪಾಗೆಯದು ಮಾತ್ರ. ಸುಮ್ನೆ ‘ಸಿಟ್ರಿಕ್’ ಅಂದರೆ ಇದೆಲ್ಲ ಎಲ್ಲಿ ಹೋಯಿತು?

ಹುಣಸೆಯದು ಇನ್ನೂ ಮಜಾ. ಅದರ ಟಾರ್ಟಾರಿಕ್ ಆಮ್ಲ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಹೆಸರು ಮಾತ್ರ ಎಡ ಅನ್ನಿಸುವ ದೊಡ್ಡಕ್ಷರದ ‘ಎಲ್’! ಹಳೆಯ ಪುಸ್ತಕಗಳಲ್ಲಿ ಅದಕ್ಕೇ ಸಣ್ಣ ‘ಡಿ’ ಹಚ್ಚಿದ್ದಾರೆ, ಬಲಕ್ಕೆ ಅನ್ನುವ ಅರ್ಥದಲ್ಲಿ. ಪ್ಲಸ್, ಮೈನಸ್ ಎಂಬುದು ಉಪಕರಣದಲ್ಲಿ ಅಳೆದದ್ದು. ದೊಡ್ಡ ಅಕ್ಷರ ಅಣುವಿನ ಜೋಡಣೆಯದ್ದು. ಒಂದನ್ನು ನೋಡಿ ಇನ್ನೊಂದನ್ನು ಹೇಳಲಾಗದು. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಕೂತು ಒಂದೊಂದಾಗಿ ಆರಿಸಿ, ಎಡದವನ್ನೂ ಬಲದವನ್ನೂ ಬೇರೆ ಮಾಡಿದ್ದ. ನಮ್ಮ ಕಾಲೇಜುಗಳಲ್ಲಿ ಮಕ್ಕಳಿಗೆ ಬರೀ ಅಕ್ಷರ ಬಾಯಿಪಾಠ. ಯಾಕೆ ಅಂತ ಕೇಳಿದರೆ ‘ಪರೀಕ್ಷೆಗೆ ಬರುತ್ತೆ, ಬರ್ಕೊಳ್ಳಿ’!

ಇನ್ನು ಕೊಬ್ಬು ತಡೆಯುತ್ತದೆಂದು ಈ ಹುಳಿಯಿಂದ ಮಾಡುವ ತೂಕ ಇಳಿಸುವ ಮಾತ್ರೆಗಳು. ನಾನು ನೋಡಿದ ಡಬ್ಬಿಗಳಲ್ಲಿ ಉಪ್ಪಾಗೆಯ ಸಸ್ಯಕುಲದ ಹೆಸರು ‘ಗಾರ್ಸಿನಿಯಾ’ ಅಂತ ದಪ್ಪಕ್ಷರ ಇತ್ತು, ಯಾವ ರೂಪ ಅನ್ನುವುದಿರಲಿಲ್ಲ. ಮೈಸೂರಿನ ಹೆಸರಂತೂ ಬಿಡಿ. 1998ರಲ್ಲಿ ಅಮೆರಿಕದಲ್ಲಿ 135 ಜನರನ್ನು 12 ವಾರ ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ಈ ಮಾತ್ರೆ ನುಂಗಿದವರು ಔಷಧಿಯೇ ಇಲ್ಲದ ಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಇತ್ತ ಉಪ್ಪಾಗೆ ಸಿಪ್ಪೆಗೆ ಬೆಲೆ ಬಂದದ್ದೇ ತಡ, ಕಾಯಿ ಬಲಿಯುವ ಮೊದಲೇ ಕೊಂಬೆ ಸಮೇತ ಕಡಿದರು. ಒಣಗಿಸಲು ಮತ್ತಷ್ಟು ಸೌದೆ. ಕೊಡಗಿನವರೇ ವಾಸಿ, ಅದೇ ಹಣ್ಣಿನಿಂದ ಕಾಚಂಪುಳಿ ಎಂಬ ಕಪ್ಪು ಹುಳಿರಸ ಮಾಡಿ ಪಂದಿ ಕರಿಗೆ ಹಾಕಿಕೊಂಡು ಆರಾಮಾಗಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಮುರುಗಲು (ಕೋಕಂ) ಬಗ್ಗೆ ಲೇಖನವಿದೆ. ಅದರಲ್ಲೂ ಇದೇ ಆಮ್ಲ. ಮೈನಸ್ ಇರುತ್ತದೆ, ತಯಾರಾಗಿರಿ.